ವಿಶ್ವಕ್ಕೆ ಅಂಚು ಇದೆಯಾ? ಭಾನುವಾರ ಮಾತಾಡೋಣ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಚಿಕ್ಕಬಳ್ಳಾಪುರದಲ್ಲಿ, ಮಾಮೂಲಿ ಜಾಗದಲ್ಲೇ ಸೇರೋಣ.

ಬರುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ನಮಗೆ ಕಾಣುವ ವಿಶ್ವ ಬೇರೆ, ಇಡೀ ವಿಶ್ವ ಬೇರೆ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಆದರೆ ಅದು ಹಿಗ್ಗುತ್ತಲೇ ಇರುವುದರಿಂದ, ಕಾಣುವ ಎಲ್ಲೆ ಈಗ ಸುಮಾರು 4600 ಕೋಟಿ ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ದೂರದಲ್ಲಿದೆ. ಅದು ಗೋಡೆಯಲ್ಲ. ಅದರಾಚೆಯ ಬೆಳಕು ನಮ್ಮನ್ನು ಇನ್ನೂ ತಲುಪಿಲ್ಲ, ಅಷ್ಟೆ.

ಅಂಚಿಲ್ಲ ಅಂದರೆ ಅನಂತ ಅಂತಲೂ ಅಲ್ಲ. ಭೂಮಿಯ ಮೇಲೆ ಎಷ್ಟು ನಡೆದರೂ ಅಂಚು ಸಿಗುವುದಿಲ್ಲ, ಆದರೂ ಅದಕ್ಕೊಂದು ಅಳತೆ ಇದೆ, ಅಲ್ವಾ? ವಿಶ್ವದ ಅತಿ ಹಳೆಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಮಾಹಿತಿ ಪ್ರಕಾರ ವಿಶ್ವ ಬಹುತೇಕ ಸಮತಟ್ಟು, ಅಂದರೆ ದೊಡ್ಡ ಅಳತೆಯಲ್ಲಿ ನೋಡಿದರೆ ಅದರ ಜಾಗ ಬಾಗಿದಂತೆ ಕಾಣುವುದಿಲ್ಲ. ಅನಂತವೋ ಅಲ್ಲವೋ ಅನ್ನುವುದು ಮಾತ್ರ ಅದರಿಂದ ತೀರ್ಮಾನವಾಗುವುದಿಲ್ಲ. ನನಗೆ ಜಾಸ್ತಿ ಇಷ್ಟ ಈ ಭಾಗವೇ.

ಮಕ್ಕಳನ್ನೂ ಕರೆತನ್ನಿ. ಗೌರಿಬಿದನೂರು ಕಡೆಯವರು ಮೊದಲೇ ತಿಳಿಸಿ, ವಾಪಸ್ ಗಾಡಿ ನೋಡಬೇಕು.