ಇಲ್ಲೂ ಪಡ್ಡಿನ ಹಂಚು ಇದೆ ಅವ್ವಾ

ಫಾನ್ ರಾಂಗ್, ವಿಯೆಟ್ನಾಂ
ಭಾನುವಾರ ರಾತ್ರಿ

ಪ್ರೀತಿಯ ಅವ್ವನಿಗೆ,

ನಾನು ಚೆನ್ನಾಗಿದ್ದೇನೆ. ಊಟಕ್ಕೆ ಏನು ಮಾಡಿಕೊಳ್ಳುತ್ತೀಯ ಅಂತ ನೀನು ಪ್ರತಿ ಸಲ ಕೇಳುತ್ತೀಯ, ನಾನು ಸುಮ್ನೆ "ಆಯ್ತು, ತಿಂದೆ" ಅಂದು ಫೋನ್ ಇಡುತ್ತೇನೆ. ಇವತ್ತು ಕೂತು ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ವಿಯೆಟ್ನಾಂ ಅಂದರೆ ಎಲ್ಲಿ ನೋಡಿದರೂ ಗದ್ದೆ, ಮಳೆ ಅಂದುಕೊಂಡಿದ್ದೆ. ಈ ಊರು ನಮ್ಮ ದುರ್ಗದ ತಂಗಿಯ ಹಾಗಿದೆ. ಇಡೀ ದೇಶದಲ್ಲೇ ಕಡಿಮೆ ಮಳೆ ಬೀಳುವ ಸೀಮೆ. ಬಿಸಿಲು, ಕುರಿಮಂದೆ, ಪಾಪಸ್‌ಕಳ್ಳಿ. ಜೋಗಿಮಟ್ಟಿ ಕಡೆ ಇರುವಂಥ, ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳು ಊರಾಚೆ ಸಾಲಾಗಿ ತಿರುಗುತ್ತವೆ. ಅದಕ್ಕೇ ಅಲ್ವಾ ಆಫೀಸಿನವರು ನನ್ನನ್ನು ಇಲ್ಲಿಗೆ ಕಳಿಸಿದ್ದು! ದ್ರಾಕ್ಷಿ ಬೆಳೆಯುತ್ತಾರೆ, ಬೋರೆಹಣ್ಣು ಬೆಳೆಯುತ್ತಾರೆ. ಪಕ್ಕದಲ್ಲಿ ಸಮುದ್ರ ಇದೆ ಅನ್ನೋದೊಂದೇ ವ್ಯತ್ಯಾಸ.

ಮೊದಲ ಎರಡು ವಾರ ಬಾಳೆಹಣ್ಣು, ಬ್ರೆಡ್ಡಿನಲ್ಲೇ ಕಳೆದೆ. ಮೀನಿನ ಸಾರದ ನೀರು ಹಾಕದೆ ಇವರಿಗೆ ಅಡುಗೆಯೇ ಇಲ್ಲ. ಸೊಪ್ಪಿನ ಪಲ್ಯಕ್ಕೂ ಅದೇ. ಆಮೇಲೆ ಒಂದು ಪದ ಕಲಿತೆ: ಚಾಯ್. ಅಂದರೆ ಸಸ್ಯಾಹಾರ. ಇಲ್ಲಿ ಬೌದ್ಧರಲ್ಲಿ ತುಂಬಾ ಜನ ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಮಾಂಸ ಮುಟ್ಟುವುದಿಲ್ಲ. ಆ ಎರಡು ದಿನ ನನಗೆ ಹಬ್ಬ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಒಂದು ಬೆಳಿಗ್ಗೆ ರೂಮಿನ ಹಿಂದಿನ ಗಲ್ಲಿಯಲ್ಲಿ ಹೋಗುತ್ತಿದ್ದೆ. ಬೋರ್ಡಿಲ್ಲ, ಬಾಗಿಲಿಲ್ಲ. ಫುಟ್‌ಪಾತಿನ ಮೇಲೆ ಇದ್ದಿಲ ಒಲೆ, ಸುತ್ತ ಮಣೆಗಿಂತ ಸ್ವಲ್ಪ ಎತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ಒಲೆಯ ಮೇಲೆ ಕಣ್ಣು ಬಿತ್ತು ನೋಡು, ಅಲ್ಲೇ ನಿಂತುಬಿಟ್ಟೆ. ಪಡ್ಡಿನ ಹಂಚು! ನಮ್ಮ ಹಾಗೆ ಕಬ್ಬಿಣದ್ದಲ್ಲ, ಮಣ್ಣಿನದು. ಹತ್ತು ಹನ್ನೆರಡು ಗುಳಿ, ಪ್ರತಿ ಗುಳಿಗೂ ಒಂದೊಂದು ಪುಟಾಣಿ ಮಣ್ಣಿನ ಮುಚ್ಚಳ. ಇದಕ್ಕೆ ಬಾನ್ ಕಾನ್ ಅನ್ನುತ್ತಾರೆ.

ನೆನೆಸಿದ ಅಕ್ಕಿಯ ಜೊತೆ ಒಂದಿಷ್ಟು ತಂಗಳನ್ನ ಸೇರಿಸಿ ರುಬ್ಬುತ್ತಾರೆ. ಉದ್ದಿಲ್ಲ, ಮೆಂತ್ಯ ಇಲ್ಲ. ಎಣ್ಣೆಯನ್ನೂ ಸವರುವುದಿಲ್ಲ. ಹಿಟ್ಟು ಹುಯ್ದು ಮುಚ್ಚಿದರೆ ತಳ ಗರಿಗರಿ, ಮೇಲೆ ಇಡ್ಲಿ ಹಾಗೆ ಮೆತ್ತಗೆ. ನಾವು ತಿರುವಿ ಹಾಕುತ್ತೇವೆ, ಇವರು ತಿರುವುವುದಿಲ್ಲ. ಎಬ್ಬಿಸಿ ಎರಡೆರಡು ಜೋಡಿಸುತ್ತಾರೆ, ನಡುವೆ ಈರುಳ್ಳಿ ಸೊಪ್ಪಿನ ಎಣ್ಣೆ. ಲೆಕ್ಕವೂ ಜೋಡಿಯಲ್ಲೇ. ಬೇರೆಯವರಿಗೆ ಸಿಗಡಿ, ಸ್ಕ್ವಿಡ್ ಹಾಕುತ್ತಾರೆ. ನಾನು ಮೊಟ್ಟೆಯದು ತಿನ್ನುತ್ತೇನೆ. ನೆಂಚಿಕೊಳ್ಳಲು ಶೇಂಗಾದ ಗೊಜ್ಜು, ತುರಿದ ಮಾವಿನಕಾಯಿ. ಮೀನಿನ ಸಾರಿನ ಬಟ್ಟಲನ್ನು ಪಕ್ಕಕ್ಕೆ ತಳ್ಳುತ್ತೇನೆ. ಮೊದಲು ಬೇಜಾರು ಮಾಡಿಕೊಳ್ಳುತ್ತಿದ್ದರು, ಈಗ ಕೊಡುವುದೇ ಇಲ್ಲ.

ಆ ಹೆಂಗಸನ್ನು ಎಲ್ಲರೂ ಕರೆಯುವ ಹಾಗೆ ನಾನೂ "ಕೋ" ಅಂತ ಕರೆಯುತ್ತೇನೆ. ಅರ್ಥ ಕೇಳಿದರೆ ಸೋದರತ್ತೆ! ಈ ಅತ್ತೆಗೆ ಒಂದು ದಿನ ಪಡ್ಡಿನ ಫೋಟೋ ತೋರಿಸಿದೆ. ಖುಷಿಯಾಗಿ ಪಕ್ಕದವರಿಗೆಲ್ಲ ತೋರಿಸಿದರು. ಹಿಟ್ಟನ್ನು ರಾತ್ರಿಯಿಡೀ ಬಿಟ್ಟು ಹುಳಿ ಬರಿಸುತ್ತೇವೆ ಅಂತ ಫೋನಿನಲ್ಲಿ ಅವರ ಭಾಷೆಗೆ ಮಾಡಿಸಿ ತೋರಿಸಿದೆ. ಓದಿದವರೇ ಮುಖ ಕಿವುಚಿದರು. ಹುಳಿ ಬಂದ ಹಿಟ್ಟನ್ನು ಅವರು ಚೆಲ್ಲುತ್ತಾರಂತೆ! ನಿನ್ನ ಮರ್ಯಾದೆ ಹೋಯಿತು ಅಂದುಕೊಂಡೆ.

ಈ ತಿಂಡಿ ಈ ಸೀಮೆಯ ಹಳೇ ನಿವಾಸಿಗಳಾದ ಚಾಮ್ ಜನರಿಂದ ಬಂದದ್ದು ಅಂತ ಇಲ್ಲಿನವರು ಹೇಳುತ್ತಾರೆ. ಚಾಮರಲ್ಲಿ ಶಿವನನ್ನು ಪೂಜಿಸುವವರು ಈಗಲೂ ಇದ್ದಾರೆ. ಊರಾಚೆ ಗುಡ್ಡದ ಮೇಲೆ ಪೊ ಕ್ಲೋಂಗ್ ಗರಾಯ್ ಅನ್ನುವ ಇಟ್ಟಿಗೆ ಗುಡಿ ಇದೆ, ಏಳುನೂರು ವರ್ಷದಷ್ಟು ಹಳೆಯದು. ಬಾಗಿಲ ಮೇಲೆ ಕುಣಿಯುವ ಶಿವ, ಒಳಗೆ ಮುಖವಿರುವ ಲಿಂಗ, ನಂದಿ. ಕೈ ಮುಗಿದು ಬಂದೆ. ವಿಭೂತಿ ಒಂದೇ ಕಮ್ಮಿ.

ಹಂಚು ಎಲ್ಲಿ ಸಿಗುತ್ತದೆ ಅಂತ ಅತ್ತೆಯನ್ನು ಕೇಳಿಕೊಂಡು ಕಳೆದ ವಾರ ಬಾವ್ ಚುಕ್‌ಗೆ ಹೋಗಿದ್ದೆ. ಇಲ್ಲಿಂದ ಹತ್ತು ಕಿಲೋಮೀಟರ್ ಆಸುಪಾಸು, ಚಾಮರ ಕುಂಬಾರಿಕೆ ಊರು. ಅಲ್ಲಿ ತಿಗರಿಯೇ ಇಲ್ಲ ಅವ್ವಾ. ಮಡಕೆ ನಿಂತಲ್ಲೇ ಇರುತ್ತದೆ, ಮಾಡುವ ಹೆಂಗಸು ಬಗ್ಗಿಕೊಂಡು ಅದರ ಸುತ್ತ ಹಿಂದಕ್ಕೆ ಹಿಂದಕ್ಕೆ ಸುತ್ತುತ್ತಾಳೆ. ಸುಡುವುದಕ್ಕೂ ಆವಿಗೆ ಇಲ್ಲ, ಬಯಲಲ್ಲೇ ಸೌದೆ, ಹುಲ್ಲು ಒಟ್ಟಿ ಸುಡುತ್ತಾರೆ. ಕಲಿಯುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ. 2022ರಲ್ಲಿ ಯುನೆಸ್ಕೋದವರು ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಇದನ್ನು ಸೇರಿಸಿದ್ದಾರೆ. ನನಗೆ ಸೊಂಟ ನೋವು ಬಂದದ್ದು ಬರೀ ನೋಡಿಯೇ.

ನಿನಗೆ ಅಂತ ಒಂದು ಹಂಚು ತಗೊಂಡೆ. ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ವಿಮಾನದಲ್ಲಿ ಒಡೆಯದೆ ಬಂದರೆ ನಿನ್ನ ಪುಣ್ಯ.

ಸಂಜೆ ಹೊತ್ತು ಇನ್ನೊಬ್ಬ ಅಜ್ಜಿ ಹೆಗಲ ಮೇಲೆ ಅಡ್ಡೆ ಹೊತ್ತು ತಾವ್‌ಹೂ ಅನ್ನುವ ಸಿಹಿ ಮಾರಲು ಬರುತ್ತಾಳೆ. ಸೋಯಾ ಹಾಲಿನ ಗಿಣ್ಣು ಅಂದುಕೋ, ಮೇಲೆ ಬಿಸಿ ಶುಂಠಿ ಪಾಕ. ಅಪ್ಪನಿಗೆ ಖಂಡಿತ ಹಿಡಿಸುತ್ತದೆ.

ಮುಂದಿನ ತಿಂಗಳು ನಮ್ಮ ಆಫೀಸಿನ ಹುಡುಗನೊಬ್ಬ ದಾವಣಗೆರೆಯಿಂದ ಬರುತ್ತಿದ್ದಾನೆ. ಅವನ ಕೈಲಿ ಎರಡು ಕೆಜಿ ಉದ್ದಿನಬೇಳೆ, ಸ್ವಲ್ಪ ಮೆಂತ್ಯ ಕಳಿಸು. ಮೂರು ಪಾವು ಅಕ್ಕಿಗೆ ಎಷ್ಟು ಉದ್ದು ಅಂತ ಚೀಟಿಯಲ್ಲಿ ಬರೆದಿಡು, "ಅಂದಾಜಿಗೆ ಹಾಕು" ಅನ್ನಬೇಡ. ಹಿಟ್ಟು ಹುಳಿ ಬರಿಸಿ ಅತ್ತೆಯ ಒಲೆ ಮೇಲೇ ಪಡ್ಡು ಹುಯ್ದು ತಿನ್ನಿಸಬೇಕು.

ನಿನ್ನ ಮಗ

ಮೊಟ್ಟೆ ಇರುವ ಸಾಲು ಬಂದಾಗ ಅಜ್ಜಿ ಮುಂದೆ ಜೋರಾಗಿ ಓದಬೇಡ.