ಟಿವಿ ಮೂಲೆಯ ನೇರಳೆ ಕಲೆ

ಬರ್ಲಿನ್
ಭಾನುವಾರ ರಾತ್ರಿ

ಅಪ್ಪ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧದಲ್ಲೇ "ತಡಿ, ಅಮ್ಮನಿಗೆ ಕೊಡ್ತೀನಿ" ಅಂತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಇಲ್ಲಿನ ಕಾರ್ಲ್ ಮಾರ್ಕ್ಸ್ ಅಲೇ ರಸ್ತೆಯಲ್ಲಿರುವ ಕಂಪ್ಯೂಟರ್ ಗೇಮ್ ಮ್ಯೂಸಿಯಂಗೆ ಹೋಗಿದ್ದೆ. ನಗಬೇಡಿ, ಅದಕ್ಕೂ ಒಂದು ಮ್ಯೂಸಿಯಂ ಇದೆ. ಮಕ್ಕಳ ಆಟದ ಸಾಮಾನು ಇರುತ್ತೆ ಅಂತ ಸುಮ್ನೆ ಹೋದೆ. ಒಳಗೆ ನಿಂತಷ್ಟು ಹೊತ್ತೂ ನಿಮ್ಮ ಟಿವಿ ರಿಪೇರಿ ಟೇಬಲ್ಲೇ ನೆನಪಾಗುತ್ತಿತ್ತು.

ವಿಡಿಯೊ ಗೇಮ್ ಶುರು ಮಾಡಿದವರು ಆಟಿಕೆ ಮಾಡುವವರಲ್ಲ ಅಪ್ಪ, ನಿಮ್ಮ ಕಸುಬಿನವರು. ರಾಲ್ಫ್ ಬೇರ್ ಅಂತ ಒಬ್ಬರು. ಇದೇ ಜರ್ಮನಿಯಲ್ಲಿ 1922ರಲ್ಲಿ ಹುಟ್ಟಿದವರು. ಯೆಹೂದಿ ಮನೆತನ, 1938ರಲ್ಲಿ ಜೀವ ಉಳಿಸಿಕೊಂಡು ಅಮೆರಿಕಕ್ಕೆ ಹೋದರು. ಅಲ್ಲಿ ಅಂಚೆ ಮೂಲಕ ರೇಡಿಯೊ ರಿಪೇರಿ ಕಲಿತು, ಅದೇ ಕೆಲಸ ಮಾಡಿಕೊಂಡಿದ್ದರು. ಆಮೇಲೆ ಟಿವಿ ಎಂಜಿನಿಯರಿಂಗ್ ಓದಿದರು. ಮನೆಮನೆಯಲ್ಲೂ ಟಿವಿ ಇದೆ, ಬರೀ ನೋಡುವುದು ಬಿಟ್ಟು ಅದರಲ್ಲಿ ಬೇರೆ ಏನಾದರೂ ಮಾಡಬಹುದಲ್ಲ ಅನ್ನುವುದು ಅವರ ತಲೆಯಲ್ಲಿತ್ತು. 1966ರಲ್ಲಿ ನ್ಯೂಯಾರ್ಕಿನ ಒಂದು ಬಸ್ ನಿಲ್ದಾಣದಲ್ಲಿ ಕಾಯುತ್ತಾ ಕೂತಾಗ ಅದು ಮತ್ತೆ ಹೊಳೆಯಿತು. ಸೆಪ್ಟೆಂಬರ್ 1ಕ್ಕೆ ನಾಲ್ಕು ಪುಟ ಬರೆದಿಟ್ಟರು. ಅದೇ ಬೆಳೆದು 1972ರಲ್ಲಿ ಮ್ಯಾಗ್ನವಾಕ್ಸ್ ಕಂಪನಿಯ ಒಡಿಸ್ಸಿ ಆಯಿತು. ಮನೆಯ ಟಿವಿಗೆ ಸಿಕ್ಕಿಸಿ ಆಡುವ ಮೊದಲ ಕನ್ಸೋಲ್ ಅದು.

ಅದರ ಒಳಗೆ ಏನಿದೆ ಅಂತ ಕೇಳಿದರೆ ನಿಮಗೆ ಖುಷಿಯಾಗುತ್ತೆ. ಪ್ರೊಸೆಸರ್ ಇಲ್ಲ, ಮೆಮೊರಿ ಇಲ್ಲ. ಟ್ರಾನ್ಸಿಸ್ಟರ್, ಡಯೋಡ್ ಅಷ್ಟೇ. ವೈರನ್ನು ಟಿವಿಯ ಆಂಟೆನಾ ಟರ್ಮಿನಲ್‌ಗೆ ಕೊಡಬೇಕು. ತೆರೆಯ ಮೇಲೆ ಮೂರು ಬಿಳಿ ಚುಕ್ಕೆ, ಒಂದು ಗೀಟು. ಸದ್ದಿಲ್ಲ, ಅಂಕ ಎಣಿಸುವುದೂ ಇಲ್ಲ. ಅಂಕ ನೀವೇ ಚೀಟಿಯಲ್ಲಿ ಬರೆದುಕೊಳ್ಳಬೇಕು. ಟೆನಿಸ್ ಅಂಗಳ ಬೇಕಾದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟಿವಿ ಗಾಜಿಗೆ ಅಂಟಿಸಬೇಕು. ಅಂಟು ಬೇಡ, ಗಾಜಿನ ಮೇಲಿನ ಸ್ಟ್ಯಾಟಿಕ್‌ಗೇ ಅದು ಕಚ್ಚಿಕೊಳ್ಳುತ್ತೆ. ಕೈ ಹತ್ತಿರ ಒಯ್ದರೆ ರೋಮ ಎದ್ದು ನಿಲ್ಲುತ್ತಿತ್ತಲ್ಲ, ಅದೇ. ಇನ್ನು ಆಟ ಬದಲಿಸುವ ಕಾರ್ಡು. ನಮ್ಮ ಗೇಮ್ ಕ್ಯಾಸೆಟ್ ಥರ ಕಾಣುತ್ತೆ, ಆದರೆ ಅದರಲ್ಲಿ ಯಾವ ಪ್ರೋಗ್ರಾಮೂ ಇಲ್ಲ. ಬರೀ ಜಂಪರ್! ಪೆಟ್ಟಿಗೆಯೊಳಗಿನ ಸರ್ಕಿಟ್‌ಗಳನ್ನು ಹೇಗೆ ಜೋಡಿಸಬೇಕೋ ಹಾಗೆ ಜೋಡಿಸುತ್ತೆ, ಅಷ್ಟೇ.

ಅದಕ್ಕೂ ಮುಂಚೆ, 1958ರಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಅನ್ನುವವರು ಕರೆಂಟಿನ ಅಲೆ ತೋರಿಸುವ ಆಸಿಲೋಸ್ಕೋಪಿನ ಮೇಲೇ ಟೆನಿಸ್ ಆಡಿಸಿದ್ದರಂತೆ. ನೋಡಲು ಬಂದವರಿಗೆ ಬೇಜಾರಾಗದಿರಲಿ ಅಂತ. ನಿಮ್ಮ ಆಸಿಲೋಸ್ಕೋಪ್ ಮುಟ್ಟಿದ್ದಕ್ಕೆ ನನಗೆ ಬಿದ್ದ ಏಟು ನೆನಪಾಯಿತು.

ಒಡಿಸ್ಸಿ ಬಂದ ವರ್ಷವೇ ಅಟಾರಿ ಕಂಪನಿಯವರು ಪಾಂಗ್ ಅನ್ನುವ ಟೇಬಲ್ ಟೆನಿಸ್ ಗೇಮ್ ಮಾಡಿದರು. ಕ್ಯಾಲಿಫೋರ್ನಿಯಾದ ಒಂದು ಬಾರಿನಲ್ಲಿಟ್ಟ ಮೊದಲ ಮೆಷಿನ್ ಕೆಟ್ಟಿತು ಅಂತ ಕರೆ ಬಂತು. ಹೋಗಿ ನೋಡಿದರೆ ನಾಣ್ಯ ಬೀಳುವ ಡಬ್ಬಿ ತುಂಬಿ ಸಿಕ್ಕಿಕೊಂಡಿತ್ತು. ಇಂಥ ರಿಪೇರಿ ನಿಮಗೆ ಯಾವತ್ತಾದರೂ ಬಂದಿತ್ತಾ? ಆಮೇಲೆ ಮ್ಯಾಗ್ನವಾಕ್ಸ್‌ನವರು ಅಟಾರಿ ಮೇಲೆ ಪೇಟೆಂಟ್ ಕೇಸು ಹಾಕಿದರು. 1976ರಲ್ಲಿ ರಾಜಿಯಾಯಿತು.

ಒಂದು ಮೂಲೆಯಲ್ಲಿ ಹಳೇ ಪೂರ್ವ ಜರ್ಮನಿಯ ಪಾಲಿಪ್ಲೇ ಅನ್ನುವ ಮೆಷಿನ್ ಇದೆ. 1980ರ ದಶಕದ್ದು. ದೊಡ್ಡ ಮರದ ಕಪಾಟು, ಒಳಗೆ ಮನೆಯ ಕಲರ್ ಟಿವಿಯನ್ನೇ ಕೂರಿಸಿದ್ದಾರೆ. ಪ್ರೊಸೆಸರ್ ಅಮೆರಿಕದ ಝಡ್80 ಅನ್ನುವ ಚಿಪ್ಪಿನ ನಕಲು. ನಾನಾಡಿದ ಆಟವೂ ಗೋಡೆಗಳ ನಡುವೆ ಓಡಿ ತಪ್ಪಿಸಿಕೊಳ್ಳುವ ಪ್ಯಾಕ್‌ಮ್ಯಾನ್‌ನ ನಕಲು. ನಾವು ಮೊಲ, ಹಿಂದೆ ತೋಳಗಳು. ಒಂದು ನಿಮಿಷವೂ ಬದುಕಲಿಲ್ಲ ನಾನು.

ಈಗ ನೀವು ಗೆದ್ದ ಎರಡು ವಿಷಯ. ಕ್ಯಾಸೆಟ್ ಓಡದಿದ್ದರೆ ನಾವು ಊದುತ್ತಿದ್ದೆವು. "ಊದಬೇಡ, ಎಂಜಲು ಹೋಗಿ ತುಕ್ಕು ಹಿಡಿಯುತ್ತೆ" ಅಂತ ಬೈಯುತ್ತಿದ್ದಿರಿ. ನಿಂಟೆಂಡೊ ಕಂಪನಿಯವರೂ ಅದನ್ನೇ ಹೇಳುತ್ತಾರೆ. ಉಸಿರಿನ ಪಸೆಗೆ ಪಿನ್ ಹಾಳಾಗುತ್ತೆ, ಊದಬೇಡಿ ಅಂತ. ಊದಿದ ಮೇಲೆ ಓಡುತ್ತಿದ್ದದ್ದು ತೆಗೆದು ಮತ್ತೆ ಸಿಕ್ಕಿಸುತ್ತಿದ್ದುದರಿಂದ. ಪಿನ್‌ಗೆ ಪಿನ್ ಸರಿಯಾಗಿ ಕೂರುತ್ತಿತ್ತು.

ಎರಡನೆಯದು, "ಪಿಕ್ಚರ್ ಟ್ಯೂಬ್ ಹೋಗುತ್ತೆ" ಅನ್ನುವ ನಿಮ್ಮ ಮಂತ್ರ. ಅದೂ ನಿಜ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಗಾಜಿನ ಒಳಗಿನ ಹೊಳೆಯುವ ಫಾಸ್ಫರ್ ಲೇಪ ಅಲ್ಲಲ್ಲೇ ಸವೆದು ಅಚ್ಚು ಉಳಿಯುತ್ತೆ. ಅಂಗಡಿಗಳಲ್ಲಿದ್ದ ಎಷ್ಟೋ ಪ್ಯಾಕ್‌ಮ್ಯಾನ್ ಮೆಷಿನ್‌ಗಳಲ್ಲಿ ಕರೆಂಟ್ ತೆಗೆದರೂ ಆ ಗೋಡೆಗಳ ನಕ್ಷೆ ಕಾಣುತ್ತಿತ್ತಂತೆ. 1977ರ ಅಟಾರಿ ಕನ್ಸೋಲ್‌ನಲ್ಲಿ ಇದ್ದದ್ದೇ 128 ಬೈಟ್ ರ‍್ಯಾಮ್. ಈ ಕಾಗದದ ಒಂದು ಪ್ಯಾರಾ ಕೂಡ ಹಿಡಿಸದು. ಅಷ್ಟರಲ್ಲೂ, ತೆರೆಯಲ್ಲಿ ಅಚ್ಚು ಬೀಳದಿರಲಿ ಅಂತ, ಆಡದೆ ಬಿಟ್ಟರೆ ಬಣ್ಣಗಳು ತಾವಾಗಿ ಬದಲಾಗುವ ಹಾಗೆ ಮಾಡಿದ್ದರು. ನಿಮ್ಮಂಥ ಅಪ್ಪಂದಿರು ಅಲ್ಲೂ ಇದ್ದರು ಅಂತ ಕಾಣುತ್ತೆ.

ಆದರೆ ಒಂದು ಮಾತು ಹೇಳಲೇಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಟಿವಿಯ ಎಡಮೂಲೆಯಲ್ಲಿ ನೇರಳೆ ಕಲೆ ಬಂತಲ್ಲ. "ನಿನ್ನ ಗೇಮಿಂದ ಆಗಿದ್ದು" ಅಂತ ಗೇಮ್ ಪೆಟ್ಟಿಗೆಯನ್ನು ಬೀರುವಿನ ಮೇಲೆ ಎತ್ತಿಟ್ಟಿರಿ. ಎರಡು ತಿಂಗಳು ಕೊಡಲಿಲ್ಲ. ಅದು ಗೇಮಿಂದ ಆಗಿದ್ದಲ್ಲ ಅಪ್ಪ. ನಿಮ್ಮ ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ತೆರೆಯ ಮೇಲೆ ಬಣ್ಣ ಓಡಾಡಿಸಿದ್ದು ನಾನೇ.

ಇಷ್ಟು ಬರೆದ ಮೇಲೆ ಇನ್ನೊಂದು ಹೊಳೆಯುತ್ತಿದೆ. ಅವತ್ತು ಸಂಜೆ ನೀವು ಮ್ಯಾಗ್ನೆಟ್ ಪ್ರಭಾವ ತೆಗೆಯುವ ಕಾಯಿಲ್ ತಂದು ಟಿವಿ ಮುಂದೆ ಸುತ್ತಿಸಿ, ಐದೇ ನಿಮಿಷದಲ್ಲಿ ಕಲೆ ಹೋಗಿಸಿದಿರಿ. ಅಂದರೆ ಅದು ಮ್ಯಾಗ್ನೆಟ್ ಕೆಲಸ ಅಂತ ನಿಮಗೆ ಆಗಲೇ ಗೊತ್ತಿತ್ತು. ಅಲ್ವಾ?

ಮುಂದಿನ ಸಲ ಫೋನ್ ಮಾಡಿದಾಗ ಅಮ್ಮನಿಗೆ ಕೊಡುವ ಮೊದಲು ಇದಕ್ಕೆ ಉತ್ತರ ಹೇಳಿ.

ನಿಮ್ಮ ಮಗ