ಬೀಳ್ಕೊಡುಗೆ ದಿನ ಹೇಳದೆ ಉಳಿದ ಥ್ಯಾಂಕ್ಸ್

ಮೊನ್ನೆ ಬೀಳ್ಕೊಡುಗೆ ಸಭೆಯಲ್ಲಿ ಮೈಕ್ ಕೈಗೆ ಬಂದಾಗ ಪ್ರಿನ್ಸಿಪಾಲರಿಗೂ ಸಹೋದ್ಯೋಗಿಗಳಿಗೂ ಕೈಮುಗಿದು ಎರಡೇ ನಿಮಿಷಕ್ಕೆ ಕೂತುಬಿಟ್ಟೆ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು, ಮಾತೇ ಬರಲಿಲ್ಲ. 1991ರಲ್ಲಿ ಮೈಸೂರಿನ ಒಂದು ಮಹಿಳಾ ಕಾಲೇಜಿಗೆ ಸೇರಿ, ಹುಡುಗಿಯರ ಟೆನಿಸ್ ತಂಡ ನೋಡಿಕೊಂಡು, ಕೊನೆಯ ಹದಿಮೂರು ವರ್ಷ ಕ್ರೀಡಾ ವಿಭಾಗದ ಕುರ್ಚಿಯಲ್ಲಿ ಕಳೆದವಳು ನಾನು. ಅಂದು ಥ್ಯಾಂಕ್ಸ್ ಹೇಳದೆ ಬಿಟ್ಟುಹೋದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಕೋರ್ಟಿನ ಮಾಲಿ. ಕೊನೆಯವರೆಗೂ ಅವರನ್ನು ‘ಅಣ್ಣ’ ಅಂತಲೇ ಕರೆದೆ. ಆಗ ನಮ್ಮದು ಮಣ್ಣಿನ ಕೋರ್ಟು. ಸಂಜೆ ನೀರು ಚಿಮುಕಿಸಬೇಕು, ಬೆಳಗಿನ ಜಾವ ರೋಲರ್ ಎಳೆಯಬೇಕು, ಅಳಿಸಿಹೋದ ಸುಣ್ಣದ ಗೆರೆ ಮತ್ತೆ ಹಾಕಬೇಕು. ಪಟಿಯಾಲದಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿ ಬಂದಿದ್ದ ನನಗೆ ಕೋರ್ಟಿನ ಅಳತೆ ಬಾಯಿಪಾಠ, ಆದರೆ ಟೇಪ್ ಇಲ್ಲದೆ ಅಳೆಯೋದು ಗೊತ್ತಿರಲಿಲ್ಲ. ಅಣ್ಣನ ಹತ್ತಿರ ತೆಂಗಿನ ನಾರಿನ ಹಗ್ಗ ಒಂದಿತ್ತು. 18 ಅಡಿಗೆ ಒಂದು ಕೆಂಪು ಬಟ್ಟೆಯ ಗಂಟು: ಕೋರ್ಟಿನ ತುದಿಯ ಬೇಸ್‌ಲೈನಿನಿಂದ ಸರ್ವಿಸ್ ಗೆರೆ. 39ಕ್ಕೆ ಇನ್ನೊಂದು: ನೆಟ್ಟು. 78ಕ್ಕೆ ಹಗ್ಗ ಮುಗಿಯುತ್ತಿತ್ತು. ನೆಟ್ಟಿನ ನಡುವಿನ ಎತ್ತರಕ್ಕೆ ಒಂದು ರಾಕೆಟ್ ನಿಲ್ಲಿಸಿ ಅದರ ತಲೆಯ ಮೇಲೆ ಇನ್ನೊಂದನ್ನು ಅಡ್ಡ ಹಿಡಿಯೋರು. 27 ಇಂಚು ಉದ್ದ, 9 ಇಂಚು ಅಗಲ, ಸರಿಯಾಗಿ 3 ಅಡಿ. ಒಂದು ದಿನ ರೋಲರಿಗೆ ಒರಗಿ ನಿಂತವರು, “ಆ ಮಗು ಸರ್ವ್ ಮಾಡೋವಾಗ ಚೆಂಡನ್ನ ತಲೆ ಹಿಂದಕ್ಕೆ ಎಸೀತೈತೆ ಮೇಡಂ” ಅಂದರು. ಎರಡು ವಾರದಿಂದ ಅವಳ ಮೊಣಕೈ ತಿದ್ದುತ್ತಿದ್ದೆ ನಾನು! ತಪ್ಪಿದ್ದದ್ದು ಟಾಸಿನಲ್ಲಿ, ಚೆಂಡು ಮೇಲಕ್ಕೆ ಎಸೆಯೋದರಲ್ಲಿ.

ಆಮೇಲೆ, ಮಗಳನ್ನು ಕಳಿಸಿದ ಅಮ್ಮಂದಿರು. 1998ರಲ್ಲಿ ನಿರುಪಮಾ ವೈದ್ಯನಾಥನ್ ಆಸ್ಟ್ರೇಲಿಯನ್ ಓಪನ್ ಮುಖ್ಯ ಸುತ್ತಿನಲ್ಲಿ ಗೆದ್ದಾಗ ಪೇಪರ್ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಒಬ್ಬಳೂ ಬರಲಿಲ್ಲ. 2005ರ ಫೆಬ್ರವರಿಯಲ್ಲಿ ಸಾನಿಯಾ ಮಿರ್ಜಾ ಹೈದರಾಬಾದಿನಲ್ಲಿ ಡಬ್ಲ್ಯುಟಿಎ (ವೃತ್ತಿಪರ ಮಹಿಳಾ ಟೆನಿಸ್) ಪ್ರಶಸ್ತಿ ಗೆದ್ದರು ನೋಡಿ, ಆ ವರ್ಷ ಅಡ್ಮಿಷನ್ ಮುಗಿಯುವ ಮೊದಲೇ ನನ್ನ ರೂಮಿನ ಮುಂದೆ ಸಾಲು. ದಸರಾ ರಜೆ ಹೊತ್ತಿಗೆ ಅರ್ಧ ಜನ ಮಾಯ, ಅದು ಬೇರೆ ಮಾತು. ಒಬ್ಬ ತಾಯಿ ಬಂದು, “ತುಂಡು ಲಂಗ ಹಾಕ್ಕಂಡೇ ಆಡ್ಬೇಕಾ ಮೇಡಂ?” ಅಂತ ಮೆಲ್ಲಗೆ ಕೇಳಿದರು. ಚೂಡಿದಾರದಲ್ಲೇ ಆಡಲಿ, ಚೆಂಡಿಗೇನೂ ಗೊತ್ತಾಗಲ್ಲ ಅಂದೆ. ಮಗಳು ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಿ ‘ಬ್ಲೂ’ ಆದ ವರ್ಷ ಇಡೀ ತಂಡಕ್ಕೆ ಸ್ಕರ್ಟ್ ಹೊಲಿದುಕೊಟ್ಟದ್ದು ಅದೇ ತಾಯಿ. ದುಡ್ಡು ತಗೊಳ್ಳಲಿಲ್ಲ.

ಕುರ್ಚಿ ಸಿಕ್ಕಾಗ ಖುಷಿಗಿಂತ ಸಿಟ್ಟೇ ಬಂದಿತ್ತು. ಎಲಿಜಿಬಿಲಿಟಿ ಫಾರಂ, ಅಂಕಪಟ್ಟಿ ಜೆರಾಕ್ಸ್, ಫೋಟೋ ಮೇಲೆ ಮೊಹರು, ಟಿಎ ಡಿಎ ಬಿಲ್ಲು, ಇಂಟರ್ನಲ್ಸ್ ತಪ್ಪಿದವರಿಗೆ ಹಾಜರಾತಿ ಪತ್ರ. ಇದಕ್ಕಾ ನಾನು ಟೆನಿಸ್ ಕಲಿತದ್ದು ಅನ್ನಿಸುತ್ತಿತ್ತು. ಅಕೌಂಟ್ಸ್ ಸೆಕ್ಷನ್ನಿನ ಹಿರಿಯ ಗುಮಾಸ್ತರೊಬ್ಬರು ಆ ಸಿಟ್ಟು ಇಳಿಸಿದರು. ಟೂರ್ನಿಗೆ ಹೋದಾಗ ಹುಡುಗಿಯರಿಗೆ ಪ್ಯಾಡ್ ತಂದ ಬಿಲ್ಲನ್ನು ಯಾವ ಖರ್ಚಿನ ಹೆಡ್ಡಿಗೆ ಹಾಕೋದು ತಿಳಿಯದೆ ಅವರ ಟೇಬಲ್ ಮುಂದೆ ನಿಂತಿದ್ದೆ. ತಲೆ ಎತ್ತದೆ, “ಪ್ರಥಮ ಚಿಕಿತ್ಸೆ ಅಂತ ಬರೀರಿ ತಾಯಿ. ಪ್ರತೀ ಸಲವೂ ಹಾಗೇ ಬರೀರಿ” ಅಂದರು. ಆ ಖರ್ಚನ್ನು ನಾನು ಮತ್ತೆಂದೂ ಕೈಯಿಂದ ಹಾಕಲಿಲ್ಲ.

ಚೆನ್ನೈಯ ಒಬ್ಬ ಕೋಚ್ ಸರ್‌ಗೂ ಬಾಕಿ ಇದೆ. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ. ಎರಡು ಸಿಂಗಲ್ಸ್, ಒಂದು ಡಬಲ್ಸ್. ಸಿಂಗಲ್ಸ್ ಒಂದೊಂದು ಹಂಚಿಹೋಗಿತ್ತು. ಡಬಲ್ಸಿನ ನಡುವೆ ನಮ್ಮ ಹುಡುಗಿಯ ರಾಕೆಟ್ಟಿನ ಗಟ್ (ಬಲೆಯ ತಂತಿ) ಹರಿಯಿತು, ಇನ್ನೊಂದು ರಾಕೆಟ್ಟಿನದು ಬೆಳಿಗ್ಗೆಯೇ ಹೋಗಿತ್ತು. ಎದುರಾಳಿ ತಂಡದ ಆ ಸರ್ ತಮ್ಮ ಬ್ಯಾಗಿನಿಂದ ಒಂದು ತೆಗೆದುಕೊಟ್ಟು ಹೋಗಿ ಕೂತರು. ನಾವು ಸೋತೆವು. ವಾಪಸ್ ಬರುವಾಗ ಕಾವೇರಿ ಎಕ್ಸ್‌ಪ್ರೆಸ್ ಅರಕ್ಕೋಣಂ ದಾಟಿದ ಮೇಲೆ ನೋಡಿದರೆ ಅವರ ರಾಕೆಟ್ ನಮ್ಮ ಕಿಟ್ ಬ್ಯಾಗಿನಲ್ಲಿ! ಹೊಸ ಗಟ್ಟಿಂಗ್ ಮಾಡಿಸಿ, ಮೈಸೂರು ಪಾಕ್ ಜೊತೆ ಪಾರ್ಸಲ್ ಕಳಿಸಿದೆ. ಮೈಸೂರು ಪಾಕ್ ಪುಡಿಯಾಗಿ ತಲುಪಿತಂತೆ. ಕ್ಷಮಿಸಿ ಸರ್.

ನಾನು ಊರೂರು ತಿರುಗುವಾಗ ಮಗನನ್ನು ಸಾಕಿದ್ದು ಅತ್ತೆ. ಟೆನಿಸ್ಸಿನ ಲೆಕ್ಕ, ಹದಿನೈದು ಆದಮೇಲೆ ಮೂವತ್ತು, ಅದಾದಮೇಲೆ ನಲವತ್ತು ಯಾಕೆ ಅಂತ ಕೊನೆಯವರೆಗೂ ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ ಅತ್ತೆ.

ಹುಡುಗಿಯರೇ, ನಿಮ್ಮ ಹೆಸರು ಒಂದೊಂದಾಗಿ ಬರೆಯಲ್ಲ, ಒಬ್ಬಳನ್ನು ಬಿಟ್ಟರೂ ಫೋನ್ ಮಾಡಿ ಜಗಳ ತೆಗೆಯುವವರು ನೀವು.

ಈಗ ಅಲ್ಲಿ ಸಿಂಥೆಟಿಕ್ ಕೋರ್ಟು, ಗೆರೆಗಳೆಲ್ಲ ಪೇಂಟು. ಕೊನೆಯ ದಿನ ಚಾರ್ಜ್ ಒಪ್ಪಿಸುವಾಗ ಸ್ಟಾಕ್ ರಿಜಿಸ್ಟರ್ ಹಿಡಿದು ನೆಟ್ಟು, ಶಾಟ್‌ಪುಟ್ಟು, ಸ್ಟಾಪ್‌ವಾಚು ಎಲ್ಲ ಎಣಿಸಿ ಸಹಿ ಹಾಕಿದೆ. ಬೀರುವಿನ ಹಿಂದೆ ಅಣ್ಣನ ಹಗ್ಗ ಸಿಕ್ಕಿತು. ರಿಜಿಸ್ಟರಿನಲ್ಲಿ ಅದರ ಹೆಸರೇ ಇರಲಿಲ್ಲ. ಮನೆಗೆ ತಂದಿದ್ದೇನೆ. ಅಣ್ಣನ ಮಗ ಕೇಳಿದರೆ ಕೊಡುತ್ತೇನೆ.